ಅಕ್ಕನ ಬದಲು ನಾನು ಅಂದ ಹೂಂ

ಅಕ್ಕನನ್ನು ಒಂದೇ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದ್ದೇನೆ ಎಂದು ಫೋನಿಗೆ ಸುಳ್ಳು ಹೇಳಿ ಕಳಿಸಿಬಿಟ್ಟೆ.

ನಾನು ಮಹಾರಾಷ್ಟ್ರದ ಗಡಿಯೊಳಗಿನ ನಾಗಣಸೂರಿನ ಕನ್ನಡ ಸಾಲಿಯಲ್ಲಿ ಏಳನೆಯವರೆಗೆ ಕಲಿತವಳು. ಕುರಿ ಸಾಕುವ ಮನೆಯ ಹುಡುಗಿಗೆ ಅಷ್ಟೇ ಹೆಚ್ಚು ಅನ್ನುತ್ತಿದ್ದರು. ಅಕ್ಕನಿಗೆ ಅದೂ ಇಲ್ಲ. ಕುರಿಗಳ ಹಿಂದೆ ನಡೆದು ನಡೆದು ದೊಡ್ಡವಳಾದಳು, ಆಮೇಲೆ ಹನ್ನೂರಿಗೆ ಸೊಸೆಯಾಗಿ ಹೋದಳು. ನನ್ನನ್ನು ಊರಲ್ಲೇ ಸೋದರಮಾವನ ಮಗನಿಗೆ ಕೊಟ್ಟರು. ಹಾಗಾಗಿ ಅಕ್ಕ ಪಂಚಮಿಗೆ ತವರಿಗೆ ಬಂದಳೆಂದರೆ ನಾನೂ ಅವ್ವನ ಮನೆಯಲ್ಲೇ.

ಎಂಥ ದಿನಗಳವು! ಅವ್ವ ಹಿಂಜಿದ ಉಣ್ಣೆಯನ್ನು ಬುಟ್ಟಿಯಲ್ಲಿ ತಂದು ಪಡಸಾಲೆಯಲ್ಲಿ ಇಡುವಳು. ಓಣಿಯ ಹೆಣ್ಣುಮಕ್ಕಳೆಲ್ಲ ನೂಲಲು ಕೂಡುವರು. ಕೈಗೆ ಕುರಿಯ ಜಿಡ್ಡು, ಸೀರೆಗೂ ಅದೇ ವಾಸನೆ. ನೂಲುತ್ತ ತಮ್ಮ ತಮ್ಮ ಗಂಡನ ಮನೆಯವರನ್ನು ಹಾಡು ಕಟ್ಟಿ ಬೈಯುವುದು ನಮ್ಮಲ್ಲಿ ರೂಢಿ. ಆ ಹೊತ್ತಿಗೆ ಗಂಡಸರು ಅತ್ತ ಸುಳಿಯುವುದಿಲ್ಲ. ಅಲ್ಲಿ ಹಾಡಿದ್ದನ್ನು ಯಾರೂ ಹೊರಗೆ ಹೇಳುವಂತಿಲ್ಲ. ಹೇಳಿದವಳನ್ನು ಮತ್ತೆ ನೂಲಲು ಕರೆಯುವುದಿಲ್ಲ. ಅಕ್ಕ ಬಾಯಿ ತೆರೆದರೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುವಳು.

"ಅತ್ತಿ ಬಡಿದ ರೊಟ್ಟಿ ತೆಳ್ಳಗ,
ಅದರಾಗ ಕಾಣ್ತಾವ ಚಿಕ್ಕಿ ಬೆಳ್ಳಗ."

ಅತ್ತೆ ಹಿಟ್ಟಿಗೆ ಅಷ್ಟು ಜಿಪುಣಿ, ರೊಟ್ಟಿಯೊಳಗಿಂದ ಆಕಾಶದ ನಕ್ಷತ್ರ ಕಾಣುತ್ತವಂತೆ.

"ಏ, ನಿಮ್ಮತ್ತಿ ಕೇಳಿದರ ಆ ರೊಟ್ಟೀನೂ ಸಿಗೂದಿಲ್ಲ ನೋಡು," ಎಂದು ಯಾರೋ ಕೆಣಕುವರು.

"ಆಕಿಗಿ ಕಿವಿ ಮಂದ. ಕೈ ಅಷ್ಟ ಚುರುಕ ಅದಾವ," ಎಂದು ಅಕ್ಕ ಮತ್ತೊಂದು ಸಾಲು ಎತ್ತುವಳು.

ಹೋದ ವರ್ಷ ಪಂಚಮಿಗೆ ಮುಂಚೆ ಪುಣೆಯಿಂದ ಒಬ್ಬ ಮ್ಯಾಡಂ ಬಂದರು. ಕುರಿ ಸಾಕುವವರ ಬದುಕು, ಹಾಡು, ದೇವರು ಇವುಗಳ ಅಭ್ಯಾಸ ಮಾಡುವವರು. ಅವರದು ಮರಾಠಿ. ಎರಡೂ ಮಾತು ಬಲ್ಲವಳೆಂದು ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ಸೋಲಾಪುರದಲ್ಲಿ ಮೂರು ದಿನ ಕೂರಿಸಿ ಫೋನಿನಲ್ಲಿ ರೆಕಾರ್ಡ್ ಮಾಡುವುದನ್ನು ಕಲಿಸಿದರು. ಹಾಡಿದವರ ಹೆಸರು ಹಾಕಬಾರದು, ನಂಬರ್ ಹಾಕಬೇಕು. ರೆಕಾರ್ಡ್ ಆದಮೇಲೆ ಅದನ್ನು ಹಾಡಿದವರಿಗೇ ಕೇಳಿಸಬೇಕು. ಇದನ್ನು ಇಂಟರ್ನೆಟ್ಟಿಗೆ ಹಾಕಬಹುದೇ ಎಂದು ಕೇಳಿ, ಅವರು ತಮ್ಮ ಬಾಯಿಂದ ಒಪ್ಪಿದ್ದನ್ನೂ ರೆಕಾರ್ಡ್ ಮಾಡಬೇಕು. ಅದಿಲ್ಲದೆ ಅವರು ಫೋನಿಗೆ ಹಾಕಿಕೊಟ್ಟ ಆ್ಯಪ್ ಹಾಡನ್ನು ಮುಂದೆ ಕಳಿಸುತ್ತಿರಲಿಲ್ಲ.

ಆ ಪಂಚಮಿಯಲ್ಲಿ ಉಣ್ಣೆಯ ಬುಟ್ಟಿಯ ಪಕ್ಕ ಫೋನ್ ಇಟ್ಟೆ.

"ಏನ ಅದು? ನಮ್ಮನ್ನ ಟಿವ್ಯಾಗ ತೋರಸ್ತಿ ಏನು?" ಎಂದಳು ಅಕ್ಕ.

"ಮ್ಯಾಡಂ ಒಬ್ಬರ ಕೇಳ್ತಾರ, ಅಷ್ಟ."

"ಕೇಳ್ಲಿ ಬಿಡು. ಆಕಿಗೇನ ನಮ್ಮ ಮಾತ ತಿಳೀತಾದ?"

ಎಲ್ಲರೂ ನಕ್ಕರು. ಅಕ್ಕ ಅಂದು ಹಾಡಿದಂತೆ ಎಂದೂ ಹಾಡಿರಲಿಲ್ಲ.

ಅಕ್ಕ ಇನ್ನೂ ಎರಡು ದಿನ ಇದ್ದಳು. ಕೇಳಬಹುದಿತ್ತು. ಬೇಡ ಅನ್ನುತ್ತಾಳೆಂದು ಗೊತ್ತಿದ್ದೇ ಕೇಳಲಿಲ್ಲ. ಇಂಥ ಒಂದು ಹಾಡು ಸಿಕ್ಕರೆ ನಿನ್ನ ಕೆಲಸವೇ ಎಲ್ಲರದಕ್ಕಿಂತ ಮೇಲು ಎಂದು ಮ್ಯಾಡಂ ಅಂದಿದ್ದರು. ಸಾಲಿ ಬಿಟ್ಟ ಮೇಲೆ ನನ್ನನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ. ಅಕ್ಕ ಹೋದ ಮರುದಿನ ಅಕ್ಕಲಕೋಟೆಗೆ ಹೋದೆ, ನಮ್ಮ ಓಣಿಯಲ್ಲಿ ನೆಟ್ ಹಿಡಿಯುವುದಿಲ್ಲ. ಎಸ್‌ಟಿ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ನಿಂತು ಆ್ಯಪ್ ತೆರೆದರೆ, ಒಪ್ಪಿಗೆ ಕೇಳಿತು. ನಮ್ಮಿಬ್ಬರ ದನಿ ಒಂದೇ. ಫೋನಿನಲ್ಲಿ ಅವ್ವನಿಗೇ ಗುರುತು ಸಿಗುವುದಿಲ್ಲ. "ಹೂಂ, ಹಾಕ್ರಿ," ಎಂದು ನಾನೇ ಅಂದೆ.

ದೀಪಾವಳಿಯ ಹೊತ್ತಿಗೆ ಆ ಹಾಡು ವಾಟ್ಸಪ್ಪಿನಲ್ಲಿ ತಿರುಗುತ್ತ ಸೋಲಾಪುರದಲ್ಲಿರುವ ಅಕ್ಕನ ನಾದಿನಿಗೆ ಮುಟ್ಟಿತು. ಆಕೆ ಹನ್ನೂರಿಗೆ ಬಂದವಳು ಎಲ್ಲರ ಮುಂದೆ ಅದನ್ನು ಜೋರಾಗಿ ಹಚ್ಚಿದಳು. ಅಕ್ಕನ ಅತ್ತೆ ಬೈಯಲಿಲ್ಲ. ಹಿಟ್ಟು ನಾದುವ ಪರಾತವನ್ನು ಅಕ್ಕನ ಮುಂದೆ ತಳ್ಳಿ, "ಇನ್ನ ಮ್ಯಾಲ ನೀನ ಬಡಿ. ದಪ್ಪಗ ಬಡಿ," ಎಂದರಂತೆ. ಅದೇ ಕೊನೆ. ಆಮೇಲೆ ಅಕ್ಕನೊಂದಿಗೆ ಮಾತೇ ಬಿಟ್ಟರು.

ಅಕ್ಕ ಫೋನ್ ಮಾಡಿದಳು. "ಇದು ಹೊರಗ ಹೆಂಗ ಹೋತು?"

"ಮ್ಯಾಡಂ ಹಾಕ್ಯಾರ, ನನಗೇನ ಗೊತ್ತಿಲ್ಲ," ಎಂದೆ. "ನಿನ್ನ ಹೆಸರ ಹಾಕಿಲ್ಲಕ್ಕಾ, ಬರೇ ನಂಬರ್ ಅದ."

"ನನ್ನ ದನಿ ಗುರುತ ಹಿಡ್ಯಾಕ ಹೆಸರ ಯಾಕ ಬೇಕ, ತಂಗಿ?"

ಮ್ಯಾಡಂಗೆ ಹೇಳಿ ಹಾಡು ತೆಗೆಸಿದೆ. ಕಾರಣ ಮಾತ್ರ ಹೇಳಲಿಲ್ಲ. ಜನರ ಫೋನಿನಲ್ಲಿ ಉಳಿದದ್ದನ್ನು ತೆಗೆಯಲು ಅವರಿಂದಲೂ ಆಗಲಿಲ್ಲ.

ಈ ಪಂಚಮಿಗೂ ಅಕ್ಕ ಬಂದಳು. ನೂಲಲು ಕೂತಳು, ಹಾಡಲಿಲ್ಲ. "ಗಂಟಲ ಕಟ್ಟ್ಯಾದ," ಎಂದಳು. ಯಾರ ಗಂಟಲಿಂದಲೂ ಹಾಡು ಏಳಲಿಲ್ಲ. ಎದುರು ಮನೆಯ ಚಿಗವ್ವ ಸಿಟ್ಟಿನಿಂದ, "ಆ ಪುಣೇದಾಕಿ ನಮ್ಮ ಬಾಯಿ ಕಟ್ಟಿ ಹೋದಳು ನೋಡ್ರಿ. ಆಕಿ ಮನಿ ಹಾಳಾಗ್ಲಿ," ಎಂದಳು.

"ಬಿಡು ಚಿಗವ್ವಾ, ಬೈಬ್ಯಾಡ," ಎಂದಳು ಅಕ್ಕ. "ಆಕಿ ಪರವೂರಾಕಿ, ಆಕಿಗೇನ ಗೊತ್ತು ನಮ್ಮ ರೀತಿ? ನಮ್ಮವರ್ಯಾರರ ಮಾಡಿದ್ರ ನಾ ತಡಕೊತಿರಲಿಲ್ಲ."

ನನ್ನ ಕೈಯ ಎಳೆ ಹರಿಯಿತು. ಎಲ್ಲರೂ ಅಲ್ಲೇ ಇದ್ದರು, ಅವ್ವನೂ ಇದ್ದಳು. ಅಕ್ಕನೊಬ್ಬಳೇ ಸಿಗುವವರೆಗೆ ತಡೆದರೆ ಮತ್ತೆ ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು.

"ಅಕ್ಕಾ, ಆಕೀದೇನೂ ತಪ್ಪಿಲ್ಲ. ಹಾಕ್ರಿ ಅಂದಾಕಿ ನಾನು. ನಿನ್ನ ಕೇಳದನ, ನೀನ ಅಂದಂಗ ಮಾಡಿ ನಾನ ಹೂಂ ಅಂದೀನಿ. ಮ್ಯಾಲ ಸುಳ್ಳೂ ಹೇಳೀನಿ. ನಂದ ತಪ್ಪಾಗ್ಯಾದ, ಅಕ್ಕಾ. ಭಾಳ ತಪ್ಪಾಗ್ಯಾದ."