ಬಂದೆ ಎಂದರೆ ಬಂದಿರಬೇಕು

ನಮ್ಮ ಸರ್ ಅವರ ಬಲಗಿವಿಯ ಅಂಚು ಸುಟ್ಟ ಹಪ್ಪಳದಂತೆ ಮಡಚಿಕೊಂಡಿತ್ತು. ನಮ್ಮ ಕರಾವಳಿಯಲ್ಲಿ ಕೋಸ್ಟ್ ಗಾರ್ಡ್ ಅಧಿಕಾರಿಯಾಗಿ ಅರ್ಧ ಆಯುಷ್ಯವನ್ನು ಬಿಸಿಲು, ಉಪ್ಪುಗಾಳಿಯಲ್ಲಿ ಕಳೆದವರು. ನಿವೃತ್ತಿಯ ನಂತರ ಹ್ಯೂಸ್ಟನ್ನಿನ ಒಂದು ಕಾಲೇಜಿನಲ್ಲಿ ಬಂದರು ಭದ್ರತೆಯ ಪಾಠ ಹೇಳುತ್ತಿದ್ದರು. ಧಾರವಾಡದಿಂದ ಓದಲು ಹೋದ ನನಗೆ ಸಮುದ್ರವೆಂದರೆ ಕೆಲಗೇರಿ ಕೆರೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ.

ಹಡಗು, ಕಂಟೇನರ್, ಕಳ್ಳಸಾಗಣೆ ಎಲ್ಲವನ್ನೂ ನಗುನಗುತ್ತ ಕಲಿಸುತ್ತಿದ್ದವರು ರೇಡಿಯೊದಲ್ಲಿ ಮಾತಾಡುವ ಪಾಠ ಬಂದರೆ ಯಮನೇ ಆಗುತ್ತಿದ್ದರು. ಅಪಾಯದಲ್ಲಿರುವವನಿಗೆ ಮೊದಲು ನೀನಿರುವ ಜಾಗ ಹೇಳು, ಧೈರ್ಯ ಆಮೇಲೆ. ಇದನ್ನು ತಪ್ಪಿದರೆ ನಮ್ಮ ಜೊತೆ ಕಲಿಯಲು ಬರುತ್ತಿದ್ದ ಟೆಕ್ಸಾಸಿನ ಆರಡಿ ಪೊಲೀಸರನ್ನೂ ನಿಲ್ಲಿಸಿ ಮತ್ತೆ ಮತ್ತೆ ಹೇಳಿಸುತ್ತಿದ್ದರು. ಇದೇನು ಹಟವೋ ಎಂದು ನನಗೆ ಬೇಸರ.

ಒಂದು ಭಾನುವಾರ ಊಟಕ್ಕೆ ಕರೆದಿದ್ದರು. ಹೊತ್ತಾಯಿತೆಂದು ಫೋನ್ ಮಾಡಿದಾಗ ನಾನಿನ್ನೂ ತಲೆ ಬಾಚಿಕೊಳ್ಳುತ್ತಿದ್ದೆ. "ಬಂದೇರಿ ಸರ, ಬಂದೆ!" ಎಂದೆ. ನಮ್ಮಲ್ಲಿ ಹಾಗನ್ನದವರು ಯಾರು? ಹೋಗಿ ನೋಡಿದರೆ ಆ ಸುಡುಬಿಸಿಲಿನಲ್ಲಿ ಸರ್ ರಸ್ತೆಯಲ್ಲೇ ನಿಂತಿದ್ದಾರೆ, ಅಂಗಿಯೆಲ್ಲ ಬೆವರು. ಫೋನ್ ಇಟ್ಟಾಗಿನಿಂದ ಅಲ್ಲೇ ಇದ್ದರಂತೆ.

"ಬಂದೆ ಅಂದ್ರೆ ಬಂದಿರ್ಬೇಕು ಮಾರಾಯ್ತಿ. ನೀನು ಎಲ್ಲಿದ್ದಿ ಹೇಳು. ನಿನ್ನ ಮನಸ್ಸು ಎಲ್ಲುಂಟು ಅಂತ ನಂಗೆ ಬೇಡ."

ಊಟದ ಕೊನೆಗೆ ಅವರೇ ಕಾರಣ ಹೇಳಿದರು. ಮಳೆಗಾಲದ ಒಂದು ಬೆಳಿಗ್ಗೆ, ನೀರು ತುಂಬುತ್ತಿದ್ದ ಮೀನುದೋಣಿಯಿಂದ ರೇಡಿಯೊದಲ್ಲಿ ಕನ್ನಡದ ಕೂಗು ಕೇಳಿಸಿತು. ಇವರ ಹಡಗು ಇನ್ನೂ ಬಹಳ ದೂರವಿತ್ತು. ಗಾಬರಿಯಾದವರಿಗೆ ಸಮಾಧಾನವಾಗಲೆಂದು ಇವರೂ ಕನ್ನಡದಲ್ಲೇ "ಬಂದ್ವಿ, ಬಂದ್ವಿ" ಎಂದರು. ಅಷ್ಟರಲ್ಲಿ ಮಳೆಯ ಮಬ್ಬಿನಲ್ಲಿ ಯಾವುದೋ ಸರಕು ಹಡಗು ಹಾದುಹೋಯಿತು. ಇವರೇ ಬಂದರೆಂದು ದೋಣಿಯವರು ನೀರಿಗೆ ಹಾರಿ ಅದರತ್ತ ಈಜಿದರು. ಈಜು ಬಾರದ ಅಡುಗೆಯವನು ಮಾತ್ರ ದೋಣಿ ಬಿಟ್ಟಿರಲಿಲ್ಲ. ಅವನೊಬ್ಬನೇ ಉಳಿದ.

"'ನೀವೇ ಬಂದ್ವಿ ಅಂದ್ರಲ್ಲ ಸಾಹೇಬ್ರೆ' ಅಂದ. ಬೈಲಿಲ್ಲ ಮಾರಾಯ್ತಿ. ಕೇಳಿದ, ಅಷ್ಟೇ," ಎಂದು ಸರ್ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಓದು ಮುಗಿದು ನಾನು ಆಸ್ಟಿನ್‌ಗೆ ಶಿಫ್ಟ್ ಆದೆ. ಮಕ್ಕಳಿಲ್ಲದ ಆ ದಂಪತಿಗೆ ಹಬ್ಬಹುಣ್ಣಿಮೆಗೆ ನಾನೇ ಮಗಳು. ಹೋದ ವರ್ಷ ಸರ್‌ಗೆ ಕ್ಯಾನ್ಸರ್ ಮೈತುಂಬ ಹಬ್ಬಿತು. ಒಂದು ಮಧ್ಯಾಹ್ನ ಅವರ ಹೆಂಡತಿ, ನಮ್ಮ ಆಂಟಿ, ಬೇಗ ಬಾ ಎಂದು ಕರೆದರು. ಆಫೀಸಿನಿಂದ ಹಾಗೇ ಹೊರಟೆ. ಹ್ಯೂಸ್ಟನ್ ದಾರಿಯಲ್ಲಿ ಕೊಲಂಬಸ್ ಎಂಬ ಊರು ದಾಟುತ್ತಿದ್ದಾಗ ಮತ್ತೆ ಫೋನ್.

"ಜೀವ ಹಿಡ್ಕೊಂಡು ನಿನಗೇ ಕಾಯ್ತಿದ್ದಾರೆ. ಸ್ಪೀಕರ್ ಹಾಕಿದ್ದೇನೆ, ಬಂದೆ ಅಂತ ಒಂದು ಮಾತು ಹೇಳು ಮಗಾ," ಎಂದು ಆಂಟಿ ಅತ್ತರು.

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬೇರೆ ಯಾರಿಗಾದರೂ ಹೇಳಿಬಿಡುತ್ತಿದ್ದೆ. ಆ ಮನುಷ್ಯನಿಗೆ ಆ ಸುಳ್ಳನ್ನು ಹೇಗೆ ಹೇಳಲಿ?

"ಕೊಲಂಬಸ್ ದಾಟೇನ್ರಿ ಸರ. ಇನ್ನೂ ಭಾಳ ದೂರ ಅದೀನ್ರಿ," ಎಂದೆ.

ಆ ಕಡೆಯಿಂದ ಸರ್ ಕ್ಷೀಣವಾಗಿ "ಸರಿ" ಎಂದದ್ದು ಕೇಳಿಸಿತು. ನಾನು ಹ್ಯೂಸ್ಟನ್ ಅಂಚಿನ ಕೇಟಿಯಲ್ಲಿದ್ದ ಅವರ ಮನೆ ತಲುಪುವಷ್ಟರಲ್ಲಿ ಸರ್ ಹೋಗಿದ್ದರು.

ಬಂದೆ ಎಂದಿದ್ದರೆ ಕಾಯುತ್ತಿದ್ದರೇನೋ. ಅವರು ಕಲಿಸಿದ ಹಾಗೆ ನಡೆದುಕೊಂಡೆ ಎಂಬ ಸಮಾಧಾನ ನನಗೆ ಈವರೆಗೆ ಬಂದಿಲ್ಲ. ಅಂದು ಬಾಗಿಲು ತೆಗೆದ ಆಂಟಿ ನನ್ನ ಮುಖವನ್ನೇ ನೋಡುತ್ತ, ಮನೆಗೆ ಬಂದ ಯಾರನ್ನಾದರೂ ಕೇಳುವಂತೆ, "ಬಂದ್ಯಾ?" ಎಂದರು.