ನೀರುಗಂಟಿಯ ಮೂರು ಚುಕ್ಕಿ

ಮಧ್ಯಾಹ್ನ ಎರಡೂಕಾಲಿಗೆ ಶ್ರೀರಂಗಪಟ್ಟಣದಲ್ಲಿ ಪಾಂಡವಪುರದ ಬಸ್ಸು ಹತ್ತಿದೆ. ಹೆಂಗಸಾದ್ದರಿಂದ ನನಗೆ ಸೊನ್ನೆ ರೂಪಾಯಿ ಟಿಕೆಟ್ಟು. ಆದರೆ ಟ್ರೈಪಾಡ್ ತುಂಬಿದ ಉದ್ದನೆಯ ಚೀಲವನ್ನು ಕಂಡಕ್ಟರ್ ಬಹಳ ಹೊತ್ತು ಅನುಮಾನದಿಂದ ನೋಡಿದ.

"ಏನಕ್ಕಾ ಇದು, ಬಂದೂಕಾ?"

"ಅಲ್ಲಪ್ಪ, ಕ್ಯಾಮರಾ ಸ್ಟ್ಯಾಂಡು."

"ಯಾರ ಮದ್ವೆ?"

"ಮದುವೆಯಲ್ಲ, ನಕ್ಷತ್ರದ ಫೋಟೋ ತೆಗೆಯೋಕೆ."

ಅವನು ಇನ್ನೇನೂ ಕೇಳದೆ ಮುಂದಿನ ಸೀಟಿಗೆ ಹೋದ. ಅವನದೇನೂ ತಪ್ಪಿಲ್ಲ. ಇಪ್ಪತ್ತು ವರ್ಷದಿಂದ ಪಟ್ಟಣದಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಎಂದು ಬದುಕಿದವಳು ನಾನು. ಅಪ್ಪ ಅಕ್ಕಸಾಲಿಗರು, ಚೂರು ಬಂಗಾರವನ್ನು ಕಣ್ಣ ಹತ್ತಿರ ಹಿಡಿದು ನೋಡುವ ಚಟ ಅವರಿಂದ ಬಂದಿರಬೇಕು. ನಕ್ಷತ್ರದ ಹುಚ್ಚು ಹಿಡಿದದ್ದು ಮೂರು ವರ್ಷದ ಹಿಂದೆ. ಅಮಾವಾಸ್ಯೆ ಬಂತೆಂದರೆ ಮನೆಯಲ್ಲಿ ನಿಲ್ಲುವವಳಲ್ಲ ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ.

ಆದರೆ ಈ ಸಲದ್ದು ಬರೀ ಹುಚ್ಚಲ್ಲ, ಒಬ್ಬರು ಒಪ್ಪಿಸಿದ ಕೆಲಸ. ಹಿಂದಿನ ತಿಂಗಳು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದೆ. (ಊರಿನ ಹೆಸರು ಬರೆಯುವುದಿಲ್ಲ, ಕಾರಣ ಓದುತ್ತಾ ತಿಳಿಯುತ್ತದೆ.) ಹೆಣ್ಣಿನ ಊರಿನ ಹಿರಿಯರನ್ನು ಸಾಲಾಗಿ ಕೂರಿಸಿದರೆ ಬೋರೇಗೌಡರೆಂಬ ಮುದುಕರು ಎದ್ದು ಹೊರಟುಬಿಟ್ಟರು. ಹಿಡಿದು ಕೂರಿಸಿದೆ, ಮತ್ತೆ ಎದ್ದರು. ಪಕ್ಕದ ಕುರ್ಚಿಯಲ್ಲಿ ಹುಡುಗಿಯ ತಾತ ನಿಂಗಣ್ಣ ಕೂತಿದ್ದದ್ದೇ ಕಾರಣ. ಇಬ್ಬರಿಗೂ ಮಾತು ನಿಂತು ಮೂವತ್ತು ವರ್ಷವಂತೆ.

ಊಟದ ಹೊತ್ತಿಗೆ ನಿಂಗಣ್ಣನೇ ಎಲ್ಲ ಹೇಳಿದರು. ಅವರು ಆ ಊರಿನ ನೀರುಗಂಟಿಯಾಗಿದ್ದವರು, ಅಂದರೆ ಕೆರೆಯ ನೀರನ್ನು ಸರದಿ ಪ್ರಕಾರ ಗದ್ದೆಗಳಿಗೆ ಹಂಚುವವರು. ಊರ ಹಿಂದಿನ ಬೆಟ್ಟ ನಡುವೆ ಸೀಳಿಕೊಂಡಿದೆ. ಮೇಲ್ಗಡೆ ಕೆರೆ, ಕೆಳಗಡೆ ಗದ್ದೆ, ಕಾಲುವೆ ಆ ಸೀಳಿನೊಳಗೇ ಹರಿಯುತ್ತಿತ್ತು. ರಾತ್ರಿ ಪಾಳಿಯಲ್ಲಿ ಎರಡು ಗದ್ದೆಗೆ ಸಮಸಮ ನೀರು. ಮೊದಲನೆಯದು ನಿಂಗಣ್ಣನ ಅಕ್ಕನ ಗಂಡನದು, ಎರಡನೆಯದು ಬೋರೇಗೌಡರದು. ಗಡಿಯಾರ ನೋಡುವ ಪದ್ಧತಿ ಇರಲಿಲ್ಲ, ಹಿಂದಿನವರಿಂದ ಬಂದ ಚುಕ್ಕಿಯದೇ ಲೆಕ್ಕ. ಸಾಲಾಗಿ ನಿಂತ ಮೂರು ಚುಕ್ಕಿ ಸೀಳಿನ ಮೂಡಲ ಅಂಚಿನಲ್ಲಿ ಕಂಡಾಗ ಮೊದಲ ಗದ್ದೆಗೆ ನೀರು ಬಿಡುವುದು. ದೂರದಲ್ಲಿ ಮೇಲೆ ಚಾಚಿಕೊಂಡ ಮೂಗಿನಂಥ ಬಂಡೆಯ ತುದಿಗೆ ಅವು ಬಂದಾಗ ಮಣ್ಣಿನ ಕಟ್ಟೆ ಒಡೆದು ಎರಡನೆಯದಕ್ಕೆ ತಿರುಗಿಸುವುದು. ಪಡುವಲ ಅಂಚಿನಲ್ಲಿ ಮರೆಯಾದರೆ ಮುಗಿಯಿತು.

"ಭಾವನ ಗದ್ದೆಗೆ ಜಾಸ್ತಿ ಬುಟ್ಟೆ, ಅವನಿಗೆ ಕಮ್ಮಿ ಬುಟ್ಟೆ ಅಂತಾನೆ ಕಣವ್ವ," ಎಂದರು ನಿಂಗಣ್ಣ. "ಚುಕ್ಕಿ ನನ್ನ ನೆಂಟನಾ? ನಿನ್ ಕ್ಯಾಮ್ರಾದಾಗೆ ಅದು ಸಿಕ್ತದಾ? ಇಡ್ಕೊಂಡ್ ಬಾ. ಸಾಯೋದ್ರೊಳಗೆ ನಾನು ಕಳ್ಳ ಅಲ್ಲ ಅಂತ ಅವನಿಗೊಂದ್ಸಲ ತೋರ್ಸ್ಬೇಕು."

ಬೇಡ ಎನ್ನಬಹುದಿತ್ತು. ನನಗೋ ಕುತೂಹಲದಿಂದ ಊಟವೇ ಸೇರಲಿಲ್ಲ.

ಪಾಂಡವಪುರದಲ್ಲಿ ಬಸ್ಸು ಬದಲಿಸಿದೆ. ಅರ್ಧ ಗಂಟೆ ಕಾಯುವಾಗ ಹದಿನೈದು ರೂಪಾಯಿಯ ಕಬ್ಬಿನ ಹಾಲು ಕುಡಿದೆ. ಅಲ್ಲಿಂದ ಮುಂದೆ ಹಸಿರು ತೆಳ್ಳಗಾಗುತ್ತಾ ಹೋಯಿತು. ನಾಲೆಯ ನೀರು ಹರಿಯುವ ಗದ್ದೆಗಳು ಮುಗಿದು ಹುರುಳಿ ಹೊಲ, ಬಂಡೆ, ಮತ್ತೆ ಬಂಡೆ. ಒಂದೇ ಜಿಲ್ಲೆಯೊಳಗೆ ನೀರು ಇಷ್ಟು ಬೇಗ ಮುಗಿಯುತ್ತದೆಂದು ಬಸ್ಸಿನ ಕಿಟಕಿಯಲ್ಲಿ ಕೂತವರಿಗೇ ಗೊತ್ತಾಗುವುದು.

ಐದು ಗಂಟೆಗೆ ನಿಂಗಣ್ಣನ ಮನೆಯಲ್ಲಿದ್ದೆ. ಅವರ ಸೊಸೆ ಬೇಡವೆಂದರೂ ಬಿಡದೆ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಜನವರಿಯ ಸೊಗಡವರೆ ತಿಂದು ರಾತ್ರಿ ನಡೆಯುವುದು ಜಾಣತನವಲ್ಲ, ಆದರೂ ಎರಡನೇ ಸಲ ಹಾಕಿಸಿಕೊಂಡೆ.

"ಒಬ್ರೇನಾ ಓಗೋದು? ಚಿರತೆ ಓಡಾಡ್ತವೆ," ಎಂದರು ಆಕೆ.

"ಜೊತೆಗೆ ಯಾರಾದರೂ ಬಂದರೆ ಮಾತಾಡುತ್ತಾರೆ, ಟಾರ್ಚು ಹಾಕುತ್ತಾರೆ. ನನ್ನ ಕೆಲಸ ಕೆಡುತ್ತದೆ," ಎಂದೆ. ಬಾಯಲ್ಲಿ ಹಾಗೆ ಹೇಳಿದರೂ ಚಿರತೆ ಎಲ್ಲಿ ಕಂಡಿತ್ತೆಂದು ಎರಡು ಸಲ ಕೇಳಿದೆ.

ನಿಂಗಣ್ಣ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದರು. ಸೀಳಿನೊಳಗೆ ಒಂದು ಮೈಲಿ ನಡೆದರೆ, ಕಾಲುವೆ ಕವಲೊಡೆಯುವ ಕಡೆ, ಪಡುವಲ ಗೋಡೆಗೆ ಒತ್ತಿಕೊಂಡು ಚಪ್ಪಟೆ ಬಂಡೆಯೊಂದಿದೆ. "ಅದ್ರ ಮೇಲೇ ಕುಂತ್ಕಬೇಕು. ನಾನು ಕುಂತಿದ್ದೂ ಅಲ್ಲೇಯ." ಮಂಡಿ ಹೋಗಿದೆ, ಇಲ್ಲದಿದ್ದರೆ ನಾನೇ ಬರುತ್ತಿದ್ದೆ ಎಂದು ಮೂರು ಸಲ ಹೇಳಿದರು.

ಏಳು ಗಂಟೆಗೆ ಹೊರಟೆ. ತಲೆಗೆ ಕಟ್ಟಿದ ದೀಪಕ್ಕೆ ಕೆಂಪು ಕಾಗದ ಅಂಟಿಸಿದ್ದೆ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲೆಂದು. ಸೀಳಿನ ಬಾಯಲ್ಲಿ ಟಾರ್ಚು ಹಿಡಿದ ರೈತರೊಬ್ಬರು ಎದುರಾದರು. ತ್ರೀಫೇಸ್ ಕರೆಂಟು ಬಂದಿದೆ, ಮೋಟರು ಹಾಕಲು ಹೊರಟಿದ್ದೇನೆ ಎಂದರು. "ಕಾಲುವೇಲಿ ನೀರು ಬಂದು ಸ್ಯಾನೆ ವರ್ಸ ಆಯ್ತು. ಈಗ ನಮ್ಗೆ ಕರೆಂಟೇ ನೀರುಗಂಟಿ," ಎಂದು ನಕ್ಕರು. ನಾನು ಬಂದ ಕೆಲಸ ಹೇಳಿದಾಗ ಟಾರ್ಚು ಆರಿಸಿ, ನಾನು ಒಳಗೆ ಹೋಗುವವರೆಗೂ ಕತ್ತಲಲ್ಲೇ ನಿಂತರು.

ಒಳಗೆ ಎರಡೂ ಕಡೆ ಆಳೆತ್ತರದ ಹತ್ತು ಪಟ್ಟು ಗೋಡೆ. ಅಗಲ ಕೆಲವು ಕಡೆ ಎತ್ತಿನ ಗಾಡಿ ಹೋಗುವಷ್ಟು, ಕೆಲವು ಕಡೆ ನನ್ನ ಚೀಲ ತಾಗುವಷ್ಟು. ಒಣಗಿದ ಕಾಲುವೆಯೇ ದಾರಿ. ಹಗಲಿನ ಬಿಸಿ ಕಲ್ಲಿನೊಳಗೆ ಇನ್ನೂ ಉಳಿದಿತ್ತು, ಕೈಯಿಟ್ಟರೆ ಬೆಚ್ಚಗೆ. ಒಮ್ಮೆ ಮೇಲಿನಿಂದ ಸಣ್ಣ ಕಲ್ಲುಗಳು ಉದುರಿದವು. ನಿಂತೆ. ಮುಳ್ಳುಹಂದಿಯೊಂದು ಮುಳ್ಳು ಗಲಗಲ ಎನ್ನಿಸುತ್ತಾ ಪೊದೆಯೊಳಗೆ ನುಗ್ಗಿತು. ಜೋರಾಗಿ ಬೈದೆ, ಅದಕ್ಕೋ ನನಗೋ ಗೊತ್ತಿಲ್ಲ.

ಚಪ್ಪಟೆ ಬಂಡೆ ಸಿಕ್ಕಿತು. ಕೂತಲ್ಲಿ ನುಣ್ಣಗೆ ಸವೆದಿತ್ತು. ಅಲ್ಲೇ ಟ್ರೈಪಾಡ್ ನಿಲ್ಲಿಸಿ, ನಿಮಿಷಕ್ಕೊಂದು ಫೋಟೋ ತಾನಾಗಿ ತೆಗೆಯುವಂತೆ ಕ್ಯಾಮರಾಕ್ಕೆ ಹೇಳಿಟ್ಟೆ. ಎಷ್ಟು ಫೋಟೋ ಬಂತೋ ಅಷ್ಟು ನಿಮಿಷ, ಲೆಕ್ಕ ಸುಲಭ. ಎಂಟೂ ಐವತ್ತಕ್ಕೆ ಮೂರು ಚುಕ್ಕಿಗಳು ಮೂಡಲ ಅಂಚಿನಿಂದ ಒಂದರ ಹಿಂದೊಂದು ಹೊರಬಂದವು. ಅಷ್ಟು ಹೊತ್ತೂ ಆಕಾಶ ಸುಮ್ಮನೆ ನಿಂತಿದೆ ಎಂದುಕೊಂಡಿದ್ದೆ. ಕಲ್ಲಿನ ಅಂಚು ಪಕ್ಕದಲ್ಲಿದ್ದಾಗ ಅದು ನಡೆಯುವುದು ಬರಿಗಣ್ಣಿಗೇ ಕಾಣುತ್ತದೆ. ಮೂವತ್ತು ವರ್ಷದ ಹಿಂದೆ ಒಬ್ಬ ಮನುಷ್ಯ ಇಲ್ಲಿ ಕೂತು, ಕಾಲ ಬುಡದಲ್ಲಿ ನೀರಿನ ಸದ್ದು ಕೇಳುತ್ತಾ ಇದನ್ನೇ ನೋಡುತ್ತಿದ್ದ. ನನಗೆ ಬಹಳ ಸಂತೋಷವಾಯಿತು. ಚಳಿಗೆ ಸೆರಗು ಹೊದ್ದು, ಲೆನ್ಸಿನ ಮೇಲೆ ಕೂತ ಇಬ್ಬನಿ ಒರೆಸುತ್ತಾ, ಫ್ಲಾಸ್ಕಿನ ಕಾಫಿ ಖಾಲಿ ಮಾಡಿದೆ.

ಹತ್ತೂ ಒಂಬತ್ತಕ್ಕೆ ಚುಕ್ಕಿಗಳು ಮೂಗುಬಂಡೆಯ ತುದಿ ಮುಟ್ಟಿದವು. ಎಪ್ಪತ್ತೊಂಬತ್ತು ಫೋಟೋ. ಪಡುವಲ ಅಂಚಿನಲ್ಲಿ ಮರೆಯಾದದ್ದು ಹನ್ನೊಂದೂ ಹತ್ತಕ್ಕೆ. ಅರವತ್ತೊಂದು. ನಂಬದೆ ಮತ್ತೆ ಎಣಿಸಿದೆ, ಅಷ್ಟೇ ಬಂತು. ಎರಡನೇ ಸರದಿ ಹದಿನೆಂಟು ನಿಮಿಷ ಕಡಿಮೆ. ಬೋರೇಗೌಡರು ಹೇಳಿದ್ದು ಸರಿ.

ಹಿಂತಿರುಗುವ ಒಂದು ಮೈಲಿಯಲ್ಲಿ ಚಿರತೆಯ ಯೋಚನೆ ಒಮ್ಮೆಯೂ ಬರಲಿಲ್ಲ. ಮುದುಕರಿಗೆ ಏನು ಹೇಳಲಿ ಎಂಬುದೊಂದೇ. ಮೋಡ ಬಂತು, ಬ್ಯಾಟರಿ ಕೈಕೊಟ್ಟಿತು ಎಂದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಕಾಡಿ ಬೇಡಿ ಕಳಿಸಿದ್ದು ಅವರೇ, ಚುಕ್ಕಿ ಹಿಡಿದುಕೊಂಡು ಬಾ ಎಂದು.

ಬೆಳಿಗ್ಗೆ ನಿಂಗಣ್ಣನ ಮನೆ ಜಗಲಿಯ ಮೇಲೆ ಫೋಟೋಗಳನ್ನು ಫೋನಿಗೆ ಇಳಿಸಿಕೊಂಡು, ಒಂದೊಂದಾಗಿ ಸರಿಸುತ್ತಾ ಇದ್ದದ್ದು ಇದ್ದಂತೆ ಹೇಳಿದೆ. ನಿಂಗಣ್ಣ ಫೋನಿನಿಂದ ಕಣ್ಣೆತ್ತಿದರು.

"ನೀನು ಕುಂತಿದ್ದು ಬಂಡೆ ಮೇಲೇ ತಾನೆ?"

"ನೀವು ಹೇಳಿದ್ದು ಅಲ್ಲೇ ಅಲ್ಲವಾ?"

"ನಮ್ಮಪ್ಪ ಕುಂತ್ಕತಿರ್ಲಿಲ್ಲ," ಎಂದರು ಮೆಲ್ಲಗೆ. "ಕಾಲುವೆಗೆ ಆಕಡೆ ಈಕಡೆ ಕಾಲಿಟ್ಟು ನಟ್ಟನಡುವೆ ನಿಂತೇ ನೋಡೋನು. ನಂಗೆ ಆಗ್ಲೇ ಮಂಡಿ ನೋವು ಸುರುವಾಗಿತ್ತು. ಕುಂತ್ಕಂಡೆ."

ನನಗೆ ತಟ್ಟನೆ ಹೊಳೆಯಿತು. ಬಂಡೆ ಇರುವುದು ಪಡುವಲ ಗೋಡೆಗೆ ಒತ್ತಿಕೊಂಡು. ಗೋಡೆಗೆ ಹತ್ತಿರ ಕೂತವರಿಗೆ ಆ ಗೋಡೆ ಆಕಾಶವನ್ನು ಹೆಚ್ಚು ಮುಚ್ಚುತ್ತದೆ, ಚುಕ್ಕಿ ಬೇಗ ಮರೆಯಾಗುತ್ತದೆ; ದೂರದ ಮೂಗುಬಂಡೆ ಮಾತ್ರ ಇದ್ದಲ್ಲೇ ಕಾಣುತ್ತದೆ, ಹಾಗಾಗಿ ಕುಗ್ಗುವುದು ಎರಡನೇ ಸರದಿ. ಚುಕ್ಕಿ ತಪ್ಪಲಿಲ್ಲ, ನಿಂಗಣ್ಣ ಕದಿಯಲೂ ಇಲ್ಲ. ಕೂತ ಜಾಗ ತಪ್ಪಿತ್ತು. ಇದನ್ನೆಲ್ಲ ಬಿಡಿಸಿ ಹೇಳಿ, ನಿಮ್ಮ ತಪ್ಪೇನೂ ಇಲ್ಲ ಎಂದೆ.

"ತಪ್ಪಿಲ್ದಿದ್ರೂ ಅವನಿಗೆ ನೀರು ಕಮ್ಮಿ ಓಗಿದ್ದು ಓಗಿದ್ದೇ ಅಲ್ವಾ?" ಎಂದು ಎದ್ದರು. "ಬಾರವ್ವ, ಕೈ ಇಡ್ಕೊ."

ಬೋರೇಗೌಡರ ಮನೆ ಬಸ್ಸು ನಿಲ್ಲುವ ಅರಳಿಕಟ್ಟೆಯ ಎದುರಿಗೇ ಇದೆ. ನೂರು ಹೆಜ್ಜೆಗೆ ಕಾಲು ಗಂಟೆ ಹಿಡಿಯಿತು. ಗೌಡರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಮ್ಮನ್ನು ನೋಡಿ ಕೈ ನಿಲ್ಲಿಸಿದರು, ಏಳಲಿಲ್ಲ.

"ನಿಂದೇ ಸರಿ ಕಣ್ಲಾ," ಎಂದರು ನಿಂಗಣ್ಣ, ಬೀದಿಯಲ್ಲಿ ನಿಂತೇ. "ನಿನ್ ಪಾಳಿ ಕಮ್ಮಿ ಆಗ್ತಿತ್ತು. ಬೇಕು ಅಂತ ಮಾಡ್ಲಿಲ್ಲ. ಕುಂತ್ಕಂಡು ನೋಡ್ದೆ, ಅದಕ್ಕೆ ಅಂಗಾಯ್ತು."

"ಎಷ್ಟು ಕಮ್ಮಿ?"

ನಿಂಗಣ್ಣ ನನ್ನ ಮುಖ ನೋಡಿದರು. ಹದಿನೆಂಟು ನಿಮಿಷ ಎಂದೆ. ಗೌಡರು ಫೋನು ಇಸಿದುಕೊಂಡು ಮೂರು ಚುಕ್ಕಿಗಳನ್ನು ಕಣ್ಣ ಹತ್ತಿರ ತಂದು ನೋಡಿದರು. ನನ್ನ ಅಪ್ಪ ಬಂಗಾರ ನೋಡುತ್ತಿದ್ದ ಹಾಗೆಯೇ.

"ಅದಿನೆಂಟು ನಿಮಿಸ," ಎಂದರು. "ನಾನು ಅರ್ಧಕ್ಕರ್ಧ ನುಂಗ್ಬುಟ್ಟ ಅಂದ್ಕಂಡಿದ್ದೆ ಕಣಮ್ಮ. ಇದಕ್ಕೋಸ್ಕರ ನನ್ ತಂಗಿ ಮದ್ವೆಗೂ ಇವನನ್ನ ಕರೀಲಿಲ್ಲ ನಾನು."

ಗೌಡರು ಮೊರವನ್ನು ಪಕ್ಕಕ್ಕೆ ಸರಿಸಿದರು. ಒಬ್ಬರು ಕೂರುವಷ್ಟು ಜಾಗವಾಯಿತು.

"ಬಾರ್ಲಾ, ಕುಂತ್ಕೊ. ಅದಿನೆಂಟು ನಿಮಿಸ ಕುಂತಿದ್ದು ಓಗು, ಅಲ್ಲಿಗೆ ಸರಿ ಓಯ್ತದೆ."

ನಿಂಗಣ್ಣ ಒಂದು ಕೈಯಲ್ಲಿ ಕಂಬ ಹಿಡಿದು ಕೂತರು. ಕೂತವರೇ ಮೊರಕ್ಕೆ ಕೈ ಹಾಕಿದರು.

ನಾನು ಅರಳಿಕಟ್ಟೆಗೆ ಬಂದು ಬಸ್ಸು ಕಾದೆ. ಮದುವೆಯಲ್ಲಿ ಸಿಗದ ಫೋಟೋ ಎದುರಿಗೇ ಇತ್ತು. ಚೀಲಕ್ಕೆ ಕೈ ಹೋಯಿತು, ಆದರೆ ಕ್ಯಾಮರಾ ಕಂಡರೆ ಇಬ್ಬರೂ ಸೆಟೆದು ಕೂರುತ್ತಾರೆಂದು ಸುಮ್ಮನಾದೆ. ಹನ್ನೊಂದರ ಬಸ್ಸು ತಡವಾಗಿ ಬಂತು. ಕಿಟಕಿಯ ಸೀಟು ಹಿಡಿದು ಕೊನೆಯ ಸಲ ತಿರುಗಿ ನೋಡಿದೆ. ಸುಲಿದ ಸಿಪ್ಪೆ ಇಬ್ಬರ ಕಾಲ ಬಳಿ ರಾಶಿ ಬಿದ್ದಿತ್ತು. ಗಡಿಯಾರ ನೋಡಿಕೊಂಡೆ. ನಿಂಗಣ್ಣ ಕೂತು ಒಂದು ಗಂಟೆ ಹತ್ತು ನಿಮಿಷವಾಗಿತ್ತು.