ಮನಿ ಬರೂತನಕ

ಮೊನ್ನೆ ಮೊಮ್ಮಗಳು ತನ್ನ ಕೂಸಿಗೆಂದು ಸಾಣೆಕಲ್ಲಿನ ಮೇಲೆ ಬಜೆ ತೇಯುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಬೆಟಗೇರಿಯ ನಮ್ಮ ಹಳೆಯ ಬಾಡಿಗೆ ಮನೆಯ ಪಕ್ಕದ ಕಾಕು ಬಂದು ಎದುರು ಕೂತಂತಾಯಿತು. ನನಗೆ ತಾಯಿ ಇರಲಿಲ್ಲ. ಬಾಣಂತನ ಮಾಡಿದವರು ಅವರೇ. ಕಾನ್ವೆಂಟಿನ ಸಿಸ್ಟರ್ಸ್ ಫೋರ್ಕ್ ಹಿಡಿಯುವುದನ್ನು ಕಲಿಸಿದ್ದರು. ಕೂಸು ಹಿಡಿಯುವುದನ್ನು ಕಲಿಸಿದ್ದು ಕಾಕು.

ಕಾಳಿನ ವ್ಯಾಪಾರದ ದೊಡ್ಡ ಮನೆತನದ ಸೊಸೆ. ಎತ್ತರದ ಆಳು, ಬಾಯಿ ಜೋರು...

ಆಗ ನನ್ನ ಮಗ ಇನ್ನೂ ಎಳೆಗೂಸು. ಶಿರಹಟ್ಟಿಯಲ್ಲಿ ಮದುವೆ ಮುಗಿಸಿಕೊಂಡು ಕಾಕು, ನಾನು ಇಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು. ಸೊರಟೂರ ಬರುವ ಮೊದಲೇ ಕೂಸು ಅಳತೊಡಗಿತು. ಡೀಸೆಂಟ್ ಹುಡುಗಿಯರು ನಾಲ್ಕು ಜನರೆದುರು ಹಾಲು ಕೊಡುವುದಿಲ್ಲ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಕಾಕು ಮೊಣಕೈಯಿಂದ ತಿವಿದರು. ಸೆರಗು ಮುಂದೆಳೆದು ಕೂಸನ್ನು ಎದೆಗೆ ಹಚ್ಚಿಕೊಂಡೆ. ಮುಂದಿನ ಸೀಟಿನ ಹಿರಿಯರೊಬ್ಬರು ತಿರುಗಿದರು.

“ಏನ ತಂಗಿ, ಕಲತಾಕಿ ಕಾಣತಿ. ಗಂಡಸರು ಕುಂತಲ್ಲಿ ಇದೇನ? ಮನಿ ಬರೂತನಕ ತಾಳಾಕ ಆಗೂದಿಲ್ಲೇನ?”

ನಾನು ಕೂಸಿನ ಬಾಯಿ ಬಿಡಿಸಲು ಹೋದೆ. ಕಾಕು ನನ್ನ ಕೈ ಹಿಡಿದರು.

“ಯಾಕ್ರಿ ಯಜಮಾನ್ರ, ನಿಮ್ಮವ್ವ ನಿಮಗ ಚಾ ಕುಡಿಸಿ ಬೆಳಿಸಿದ್ಲೇನ್ರಿ?”

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್, “ಅಜ್ಜಾರ, ಆ ಕಡೆ ಮುಖ ಮಾಡ್ರಿ, ಶೇಂಗಾ ಹೊಲ ಚಂದ ಕಾಣತಾವ,” ಅಂದ. ಕಾಕು ಮಾತ್ರ ನಗಲಿಲ್ಲ. ಕೂಸು ಕುಡಿದು ಮುಗಿಸುವವರೆಗೆ ನನ್ನ ಕೈ ಬಿಡಲಿಲ್ಲ.

ಗದಗ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ, ಕಲ್ಲುಬೆಂಚಿನ ಮೇಲೆ ಕೂತು ಹೇಳಿದರು. ಆ ಒಂದು ಸಲ ಮಾತ್ರ. ಅವರ ಚೊಚ್ಚಲು ಹೆಣ್ಣುಕೂಸಿನ ಸಂಗತಿ... ಉರಿ ಬೇಸಿಗೆಯಲ್ಲಿ ಮುಂಡರಗಿಯಿಂದ ಮನೆಮಂದಿಯೆಲ್ಲ ಒಂದೇ ಬಾಡಿಗೆ ಜೀಪಿನಲ್ಲಿ ಬರುತ್ತಿದ್ದರಂತೆ. ಕೂಸಿಗೆ ಬೆಳಗಿನಿಂದ ಭೇದಿ. ಜೀಪಿನಲ್ಲಿ ಮಾವನವರು, ಭಾವಂದಿರು. ಆ ಮನೆತನದಲ್ಲಿ ಸೊಸೆಯಾದವಳು ಮಾವನೆದುರು ತಲೆಯ ಮೇಲಿನ ಸೆರಗು ಸರಿಸುವಂತಿಲ್ಲ, ದನಿ ತೆಗೆಯುವಂತಿಲ್ಲ. ಗಾಡಿ ನಿಲ್ಲಿಸಿ ಎಂದು ಕೇಳುವಂತೆಯೂ ಇಲ್ಲ.

“ಕೂಸು ಹಾಲಿಗೆ ಅಳಾಕತ್ತಿತ್ತು, ಅತ್ತಿ ಸೆರಗ ಜಗ್ಗಿದೆ. ಮನಿ ಬರೂತನಕ ತಡಿ, ಅಂದ್ರು. ಗದಗ ಸಮೀಪ ಬಂದಾಗ ಅಳೂದು ನಿಂತಿತು. ನೋಡು, ಮಲಗಿತು, ಸುಮ್ನ ಹಟ ಮಾಡತಿತ್ತು, ಅಂದ್ರು. ನಾನೂ ಹಂಗ ತಿಳಕೊಂಡ್ನಿ, ಯವ್ವಾ... ಮನಿ ಬಂದು ಇಳದಾಗ ಕುಪ್ಪಸೆಲ್ಲ ಹಾಲಿಲೆ ತೊಯ್ದಿತ್ತು. ಕೂಸು ಏಳಲಿಲ್ಲ.”



ಇಳಿವಯಸ್ಸಿನಲ್ಲಿ ಕಾಕುಗೆ ಡಿಮೆನ್ಷಿಯಾ ಆಯಿತು. ಗಂಡುಮಕ್ಕಳ ಹೆಸರು ಮರೆತರು, ನನ್ನನ್ನೂ ಮರೆತರು. ಆದರೆ ಓಣಿಯಲ್ಲಿ ಎಲ್ಲಿ ಕೂಸು ಅತ್ತರೂ, ಕಟ್ಟೆಯ ಮೇಲೆ ಕೂತಿದ್ದ ಅವರ ಕೈ ಕುಪ್ಪಸದ ಗುಂಡಿಗೆ ಹೋಗುತ್ತಿತ್ತು. ಅವರ ಸೊಸೆ ಒಳ್ಳೆಯವಳೇ. ಅವಳಿಗೂ ನಾಚಿಕೆ, ಪಾಪ.

“ಅತ್ತಿ, ಮಂದಿ ನೋಡಾಕತ್ತಾರ, ಒಳಗ ನಡೀರಿ.”

ಕೊನೆಗೆ ಅವರನ್ನು ಹಿಂದಿನ ಕೋಣೆಯಲ್ಲೇ ಕೂಡಿಸತೊಡಗಿದರು.

ಕೊನೆಯ ಸಲ ನಾನು ನೋಡಲು ಹೋದಾಗ ಪಕ್ಕದಲ್ಲೆಲ್ಲೋ ಒಂದು ಕೂಸು ಅಳುತ್ತಿತ್ತು. ಕಾಕು ಗುಂಡಿ ಬಿಚ್ಚಿಕೊಂಡು, ಖಾಲಿ ತೋಳನ್ನು ಮಡಚಿ ಕೂತಿದ್ದರು. ಅಷ್ಟರಲ್ಲಿ ಅಳು ನಿಂತಿತು. ಅವರ ಮುಖ ಬಿಳುಚಿಕೊಂಡಿತು.

“ಯಾಕ ಸುಮ್ಮನಾತು?”

ಮಲಗಿತು ಅನ್ನಲು ನನಗೆ ಬಾಯಿ ಬರಲಿಲ್ಲ.

“ಕುಡದೈತ್ರಿ ಕಾಕೂ. ಹೊಟ್ಟಿ ತುಂಬ ಕುಡದೈತಿ.”

“ಖರೆ?”

“ಖರೇನ ರಿ.”

ಅವರು ನಿಧಾನವಾಗಿ ಗುಂಡಿ ಹಾಕಿಕೊಂಡರು. ಆ ಮಳೆಗಾಲದಲ್ಲೇ ಹೋಗಿಬಿಟ್ಟರು...

ಈಗ ಮೊಮ್ಮಗಳು ಪಡಸಾಲೆಯಲ್ಲಿ, ಬಂದುಹೋಗುವವರ ನಡುವೆಯೇ ಕೂತು ಕೂಸಿಗೆ ಹಾಲು ಕೊಡುತ್ತಾಳೆ. ಯಾರೂ ಏನೂ ಅನ್ನುವುದಿಲ್ಲ. ನೋಡಲು ಕಾಕು ಇಲ್ಲ. ಕೂಸು ಮಲಗಿತೆಂದರೆ ಎಲ್ಲರೂ ಉಸ್ಸೆಂದು ತಮ್ಮ ಕೆಲಸಕ್ಕೆ ಏಳುತ್ತಾರೆ. ನಾನು ತೊಟ್ಟಿಲ ಬಳಿ ಹೋಗಿ ಅದರ ಮೂಗಿನ ಕೆಳಗೆ ಬೆರಳು ಹಿಡಿಯುತ್ತೇನೆ.

“ಆಯಿ, ಎಷ್ಟ ಸಲ ಚೆಕ್ ಮಾಡತಿ? ಮಲಗೇತಿ ಅದು,” ಅನ್ನುತ್ತಾಳೆ.

ಹೌದವಾ, ಅನ್ನುತ್ತೇನೆ. ಉಸಿರು ತಾಗುವವರೆಗೆ ಬೆರಳು ತೆಗೆಯುವುದಿಲ್ಲ.